ನಿಚ್ನೈ ಪಾಸ್ ದಾಟುವ ಮೊದಲು

ಓದುಗರ ಪ್ರಶ್ನೆ: ಚಾರಣ

ಈ ಸಲ ಬೆಂಗಳೂರಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಶ್ಮೀರದ ಸರೋವರಗಳ ಚಾರಣದ ಬಗ್ಗೆ. ಸೋನ್‌ಮಾರ್ಗ್‌ನಲ್ಲಿ ಹತ್ತಿ, ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್ಸರ್, ಗಂಗಾಬಲ್ ನೋಡಿಕೊಂಡು ನಾರಾನಾಗ್‌ನಲ್ಲಿ ಇಳಿಯುವ ಸುಮಾರು 70 ಕಿ.ಮೀ. ದಾರಿ ಅದು. ಹೆಚ್ಚುಕಡಿಮೆ ಎಲ್ಲ ಪತ್ರಗಳಲ್ಲೂ ‘ನಾನು, ನನ್ನ ಸ್ನೇಹಿತ’ ಎಂದೇ ಇರುವುದರಿಂದ ಉತ್ತರಗಳೂ ಇಬ್ಬರ ಲೆಕ್ಕದಲ್ಲೇ ಇವೆ.

ನಾನೂ ನನ್ನ ಸ್ನೇಹಿತನೂ ಸ್ಕಂದಗಿರಿ, ಸಾವನದುರ್ಗ, ಕುಮಾರಪರ್ವತ ಎಲ್ಲ ಹತ್ತಿದ್ದೇವೆ. ಆಗಸ್ಟ್‌ನಲ್ಲಿ ಒಂಬತ್ತು ದಿನ ರಜೆ ಇದೆ. ದೊಡ್ಡ ಗುಂಪಿನ ಗಲಾಟೆ ಬೇಡ, ಇಬ್ಬರೇ ಹೋಗಬಹುದೇ? ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು?
— ಓದುಗರು, ವಿಜಯನಗರ

ಗುಂಪು ಬೇಡ ಅನ್ನುವುದು ಸರಿ. ಆದರೆ ‘ಇಬ್ಬರೇ’ ಅನ್ನುವುದನ್ನು ‘ಇಬ್ಬರು ಮತ್ತು ಒಬ್ಬ ಸ್ಥಳೀಯ ಗೈಡ್’ ಎಂದು ತಿದ್ದಿಕೊಳ್ಳಿ. ದಾರಿ ತಪ್ಪುತ್ತದೆ ಎಂಬ ಭಯಕ್ಕಲ್ಲ. ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರು ಅವರ ಪಕ್ಕ ಕೂರಬೇಕೋ, ಸಹಾಯ ಕರೆತರಲು ಓಡಬೇಕೋ? ಎರಡನ್ನೂ ಒಬ್ಬರೇ ಮಾಡಲಾಗುವುದಿಲ್ಲ. ಸೋನ್‌ಮಾರ್ಗ್ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಸಾಮಾನು ಹೊರುವ ಕುದುರೆಯನ್ನೂ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು. ಅದು ಟೆಂಟನ್ನೂ ಹೊರುತ್ತದೆ, ಸುಸ್ತಾದವರನ್ನೂ ಹೊರುತ್ತದೆ.

ಇನ್ನು ರಜೆ. ಒಂಬತ್ತು ದಿನ ಸಾಲದು, ಹನ್ನೊಂದು ಬೇಕು. ಮೊದಲ ದಿನ ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನ, ಅಲ್ಲಿಂದ 80 ಕಿ.ಮೀ. ದೂರದ ಸೋನ್‌ಮಾರ್ಗ್‌ಗೆ ಟ್ಯಾಕ್ಸಿ. ಎರಡನೆಯ ದಿನ ಅಲ್ಲೇ ಸುಮ್ಮನೆ ಇದ್ದು ಅಕ್ಕಪಕ್ಕ ಎರಡು ಗಂಟೆ ಹತ್ತಿ ಇಳಿಯಿರಿ. ಮೂರರಿಂದ ಒಂಬತ್ತು ಚಾರಣ: ನಿಚ್ನೈ ಕ್ಯಾಂಪ್, ವಿಶನ್‌ಸರ್, ವಿಶನ್‌ಸರದಲ್ಲೇ ಒಂದು ದಿನ ವಿಶ್ರಾಂತಿ, ಗಡ್‌ಸರ್, ಸತ್ಸರ್, ಗಂಗಾಬಲ್, ನಾರಾನಾಗ್. ಹತ್ತನೆಯದು ಮಳೆಗೆ ಮೀಸಲು, ಹನ್ನೊಂದನೆಯ ದಿನ ವಾಪಸ್. ರಜೆ ಹಿಗ್ಗದಿದ್ದರೆ ವಿಶ್ರಾಂತಿ ದಿನವನ್ನು ಕತ್ತರಿಸಬೇಡಿ, ದಾರಿಯನ್ನೇ ಕತ್ತರಿಸಿ. ನಾರಾನಾಗ್‌ನಿಂದ ಹತ್ತಿ, ನಡುವೆ ತ್ರುನ್‌ಖೋಲ್‌ನಲ್ಲಿ ಒಂದು ರಾತ್ರಿ ಉಳಿದು, ಗಂಗಾಬಲ್, ನುಂದ್‌ಕೋಲ್ ಸರೋವರಗಳನ್ನು ನೋಡಿ ಅದೇ ದಾರಿಯಲ್ಲಿ ಇಳಿಯುವುದು ನಾಲ್ಕೇ ದಿನದ ಕೆಲಸ. 5,142 ಮೀಟರ್ ಎತ್ತರದ ಹರ್ಮುಖ್ ಬೆಟ್ಟ ತಲೆಯ ಮೇಲೇ ನಿಂತ ಹಾಗಿರುತ್ತದೆ. ಅದನ್ನು ನೋಡಲು ಏಳು ದಿನ ನಡೆಯಲೇಬೇಕೆಂದಿಲ್ಲ.

ಇಷ್ಟು ಎಚ್ಚರಿಕೆ ಯಾಕೆ? ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಕುಮಾರಪರ್ವತದ ತುದಿ 1,712. ಶ್ರೀನಗರವೇ 1,585! ಅಂದರೆ ನಮ್ಮ ಕಡೆಯ ಬೆಟ್ಟಗಳ ಅನುಭವವೆಲ್ಲ ಹೆಚ್ಚುಕಡಿಮೆ ಶ್ರೀನಗರದ ಬಸ್‌ಸ್ಟ್ಯಾಂಡ್ ಮಟ್ಟಕ್ಕೇ ಮುಗಿದುಹೋಯಿತು. ಕಾಲಿನ ಕಸುವು ಬೇರೆ, ರಕ್ತ ಹೊಂದಿಕೊಳ್ಳುವುದು ಬೇರೆ. 4,100 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ.

ಈಗ ದಾರಿಯ ಆಕಾರ ನೋಡಿ, ಅದು ನಕ್ಷೆಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಮೊದಲ ರಾತ್ರಿಯ ನಿಚ್ನೈ ಕ್ಯಾಂಪ್ ಸುಮಾರು 3,500 ಮೀಟರ್‌ನಲ್ಲಿದೆ. ಅಲ್ಲಿಂದ ಸೋನ್‌ಮಾರ್ಗ್‌ಗೆ ಹಿಂದಿರುಗುವುದೆಂದರೆ ಬರೀ ಇಳಿಜಾರು. ಮರುದಿನ ಸುಮಾರು 4,100 ಮೀಟರ್‌ನ ನಿಚ್ನೈ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಸಂದು) ದಾಟಿ 3,700ರ ವಿಶನ್‌ಸರಕ್ಕೆ ಇಳಿದಿರೋ, ನೀವು ಬಟ್ಟಲಿನೊಳಗೆ ಬಿದ್ದ ಹಾಗೆ. ಹಿಂದಕ್ಕೆ ಹೋಗಲು 400 ಮೀಟರ್ ಹತ್ತಬೇಕು. ಮುಂದಕ್ಕೆ ಹೋಗಲು ಗಡ್‌ಸರ್ ಪಾಸ್‌ಗೆ 480 ಮೀಟರ್ ಹತ್ತಬೇಕು. ಸರೋವರದ ನೀರು ಹರಿದುಹೋಗುವ ಕಣಿವೆಯೇನೋ ಕೆಳಕ್ಕೇ ಇಳಿಯುತ್ತದೆ, ಆದರೆ ಅದು ಗುರೇಜ್ ಕಡೆಗೆ, ಗಡಿ ನಿಯಂತ್ರಣ ರೇಖೆಯತ್ತ ಹೋಗುವ ಕಣಿವೆ. ಅದು ನಿಮ್ಮ ದಾರಿಯಲ್ಲ. ತೆಳು ಗಾಳಿಯಿಂದ ಬರುವ ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆ ಬಟ್ಟಲಿನಲ್ಲಿ ಇಳಿಯಬೇಕಾದವರೇ ಮೊದಲು ಹತ್ತಬೇಕು.

ಹಾಗಾಗಿ ಇಡೀ ಚಾರಣದ ತೀರ್ಮಾನ ನಡಿಗೆಯ ಎರಡನೆಯ ದಿನ (ರಜೆಯ ನಾಲ್ಕನೆಯ ದಿನ) ಬೆಳಗ್ಗೆ ಆರು ಗಂಟೆಗೆ, ನಿಚ್ನೈ ಕ್ಯಾಂಪ್‌ನಲ್ಲಿ ಆಗಬೇಕು. ಇಬ್ಬರಲ್ಲಿ ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಅಥವಾ ವಿಪರೀತ ಸುಸ್ತು ಇದ್ದರೆ ಆ ದಿನ ಪಾಸ್ ಇಲ್ಲ. ಅಲ್ಲೇ ಒಂದು ದಿನ ಉಳಿಯಿರಿ. ಕಡಿಮೆಯಾದರೆ ಮರುದಿನ ಮುಂದಕ್ಕೆ, ಇಲ್ಲದಿದ್ದರೆ ಇಬ್ಬರೂ ಕೆಳಕ್ಕೆ. ‘ನೀನು ಇಳಿ, ನಾನು ಮುಗಿಸಿ ಬರ್ತೀನಿ’ ಅನ್ನುವ ಮಾತು ಬೇಡ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಏರದೆ ಇರಬೇಕು ಎಂಬುದು ವೈದ್ಯರು ಹೇಳುವ ಸಾಮಾನ್ಯ ನಿಯಮ. ಎತ್ತರದ ಕಾಯಿಲೆ ಬಾರದಂತೆ ಅಸೆಟಜೋಲಮೈಡ್ ಮಾತ್ರೆಯನ್ನು ಮುನ್ನೆಚ್ಚರಿಕೆಗೆ 125 ಮಿ.ಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುವ ರೂಢಿಯಿದೆ. ಸಲ್ಫಾ ಔಷಧಿ ಒಗ್ಗದವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಮಾತ್ರೆಯ ಗುಣ, ಹೆದರಬೇಡಿ. ಬೆಂಗಳೂರಿನಲ್ಲೇ ವೈದ್ಯರನ್ನು ಕಂಡು, ಇಲ್ಲೇ ಎರಡು ದಿನ ತಿಂದು ನೋಡಿ. ಟೆಂಟಿನಲ್ಲಿ ಹೊಸ ಮಾತ್ರೆಯ ಪರೀಕ್ಷೆ ಬೇಡ.

2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಅಲ್ಲಿ ಅನೇಕ ಪ್ರವಾಸಿ ತಾಣಗಳನ್ನು ಮುಚ್ಚಲಾಗಿತ್ತು. ಟಿಕೆಟ್ ತೆಗೆಯುವ ಮೊದಲು ನೀವು ಹೋಗುವ ವರ್ಷ ಚಾರಣದ ಅನುಮತಿ ಇದೆಯೇ ಎಂದು ಜಮ್ಮು–ಕಾಶ್ಮೀರ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ನನ್ನ ಗೆಳತಿ ನನಗಿಂತ ತುಂಬ ವೇಗ. ಪ್ರತಿ ಬೆಟ್ಟದಲ್ಲೂ ಅವಳು ಮೇಲೆ ಕೂತು ಕಾಯುತ್ತಿರುತ್ತಾಳೆ, ನಾನು ಏದುಸಿರಿನಲ್ಲಿ ತಲುಪಿದ ಕೂಡಲೇ ‘ಹೊರಡೋಣ್ವಾ?’ ಅಂತಾಳೆ. ಏಳು ದಿನ ಹೀಗೆ ಆದರೆ ಸ್ನೇಹ ಉಳಿಯುತ್ತದೆಯೇ?
— ಓದುಗಿ, ಹನುಮಂತನಗರ

ಉಳಿಯುವುದು ಕಷ್ಟ! ಕಾದವರಿಗೆ ಹತ್ತು ನಿಮಿಷ ವಿಶ್ರಾಂತಿ, ಬಂದವರಿಗೆ ಸೊನ್ನೆ. ದಿನವಿಡೀ ಹೀಗೆ ನಡೆದರೆ ಸಂಜೆಗೆ ಸುಸ್ತಾಗುವವರು ಯಾರೆಂದು ಹೇಳಬೇಕಿಲ್ಲ. ಪಾಸ್ ಹತ್ತುವಾಗ ನೀವು ಮುಂದೆ ನಡೆಯಿರಿ, ಅವರು ನಿಮ್ಮ ಹಿಂದೆ. ನಡೆಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಎಂದರ್ಥ. ಐವತ್ತು ನಿಮಿಷ ನಡೆದು ಹತ್ತು ನಿಮಿಷ ಕೂರಿ, ಕೊನೆಯವರು ಕೂತ ಕ್ಷಣದಿಂದ ಹತ್ತು ನಿಮಿಷ ಎಣಿಸಿ. ಇಬ್ಬರಿಗೂ ಸೇರಿದ ಸಾಮಾನನ್ನು ಸಮಪಾಲು ಮಾಡುವ ಮರ್ಯಾದೆಯೂ ಬೇಡ. ಎರಡು ಕಿಲೋ ಅವರ ಚೀಲಕ್ಕೆ ದಾಟಿಸಿದರೆ ವೇಗ ತಾನಾಗಿ ಸರಿಹೋಗುತ್ತದೆ.

ವೇಗದ ಸ್ನೇಹಿತರ ಇನ್ನೊಂದು ಅಪಾಯವೆಂದರೆ ಅವರಿಗಾಗಿ ನಾವು ತಲೆನೋವು ಮುಚ್ಚಿಡುತ್ತೇವೆ. ಅದಕ್ಕೇ ‘ಹೇಗಿದ್ದೀಯ?’ ಎಂಬ ಪ್ರಶ್ನೆ ಸಾಲದು, ಉತ್ತರ ‘ಆರಾಮ್’ ಅಂತಲೇ ಬರುತ್ತದೆ. ಬೆಳಗ್ಗೆ, ಸಂಜೆ ಬಿಡಿಬಿಡಿಯಾಗಿ ಕೇಳಿ: ತಲೆ ನೋಯುತ್ತಿದೆಯೇ, ಊಟ ಸೇರಿತೇ, ತಲೆ ತಿರುಗುತ್ತಿದೆಯೇ? ನಿದ್ದೆ ಬರಲಿಲ್ಲ ಅನ್ನುವುದೊಂದನ್ನೇ ದೊಡ್ಡದು ಮಾಡಬೇಡಿ, ಆ ಎತ್ತರದಲ್ಲಿ ಅದು ಎಲ್ಲರಿಗೂ ಇದ್ದದ್ದೇ. ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ, ಅಥವಾ ಕೂತಲ್ಲೇ ಉಸಿರು ಕಟ್ಟಿ ಕೆಮ್ಮು ಬರುತ್ತಿದ್ದರೆ, ರಾತ್ರಿಯಾದರೂ ಸರಿ ಇಳಿಯಲೇಬೇಕು. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ಸೇರುತ್ತಿರುವ ಲಕ್ಷಣ ಅದು.

ಆರು ವರ್ಷದ ಹಿಂದೆ ಹಿಮಾಲಯಕ್ಕೆಂದು ಕೊಂಡ ಶೂ ಅಟ್ಟದ ಮೇಲೆ ಡಬ್ಬಿಯಲ್ಲೇ ಇದೆ. ಎರಡೇ ಸಲ ಹಾಕಿದ್ದು. ಹೊಸದಕ್ಕೆ ಹಣ ಯಾಕೆ ಹಾಕಬೇಕು?
— ಓದುಗರು, ಜಯನಗರ

ಇಂಥ ಶೂ ಹಳೆಯ ಸವೆದ ಶೂಗಿಂತ ಹೆಚ್ಚು ಕೈಕೊಡುತ್ತದೆ. ನೆಲಕ್ಕೆ ತಾಗುವ ಕಪ್ಪು ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಮೆತ್ತನೆಯ ಒಂದು ಪದರ ಇರುತ್ತದಲ್ಲ, ಬಹಳಷ್ಟು ಚಾರಣದ ಶೂಗಳಲ್ಲಿ ಅದು ಪಾಲಿಯುರೆಥೇನ್. ಗಾಳಿಯ ತೇವ ತಾಗಿ ತಾಗಿ ಅದರ ಅಣುಗಳ ಕೊಂಡಿ ಬಿಡುತ್ತ ಹೋಗುತ್ತವೆ. ಹಾಕಿ ನಡೆಯುತ್ತಿದ್ದರೆ ಪದರ ಅದುಮಿ ಅದುಮಿ ತೇವ ಹೊರಹೋಗುತ್ತದೆ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೇ ಕೂರುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಹೊಳೆಯುತ್ತಿರುತ್ತದೆ.

ಹಗಲು ಬೆಳಕಿನಲ್ಲಿ ಶೂ ಕೈಗೆತ್ತಿಕೊಂಡು ಆ ನಡುವಿನ ಪದರಕ್ಕೆ ಹೆಬ್ಬೆರಳ ಉಗುರು ಒತ್ತಿ. ಒತ್ತಿದ ಗುರುತು ಮೆಲ್ಲಗೆ ಮೇಲೆದ್ದರೆ ಸರಿ. ಸಣ್ಣ ಬಿರುಕು ಬಿಟ್ಟರೆ, ರಸ್ಕಿನ ಹಾಗೆ ಪುಡಿ ಉದುರಿದರೆ, ಅಂಟಂಟಾದರೆ ಮುಗಿಯಿತು. ಉಗುರಿಗೆ ಏನೂ ಸಿಗದಿದ್ದರೂ ಮುಂಭಾಗವನ್ನು ಇಪ್ಪತ್ತು ಸಲ ಮಡಚಿ, ಹಿಮ್ಮಡಿಯ ಅಂಚಿನಲ್ಲಿ ಕೂದಲೆಳೆ ಸಂದು ತೆರೆಯುತ್ತದೆಯೇ ನೋಡಿ. ಮನೆಯಲ್ಲಿ ಕೂದಲೆಳೆಯಷ್ಟಿದ್ದದ್ದು ಗಡ್‌ಸರ್ ಪಾಸ್ ಇಳಿಯುವಾಗ ಮೊಸಳೆ ಬಾಯಾಗುತ್ತದೆ. ಚಮ್ಮಾರರಿಂದ ಅಂಟಿಸಿಕೊಂಡರೆ ಆಗದೇ ಎಂದರೆ, ಪುಡಿಯಾಗುತ್ತಿರುವ ಪದರಕ್ಕೆ ಅಂಟು ಹಿಡಿಯುವುದಿಲ್ಲ. ಸುತ್ತಲೂ ಹೊಲಿಗೆ ಹಾಕಿಸಿದರೆ ಸ್ವಲ್ಪ ದಿನ ಬಂದೀತು.

ಹೊಸದು ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಕೊಂಚ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿ, ಲೇಸ್ ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಷ್ಟು ಜಾಗ ಇರಬೇಕು. ಗಂಗಾಬಲ್‌ನಿಂದ ನಾರಾನಾಗ್‌ಗೆ ಒಂದೇ ದಿನ 1,300 ಮೀಟರ್‌ಗೂ ಹೆಚ್ಚು ಇಳಿಜಾರು. ಜಾಗ ಇಲ್ಲದ ಶೂನಲ್ಲಿ ಹೆಬ್ಬೆರಳ ಉಗುರು ಕಪ್ಪಾಗುವುದು ಅಂದೇ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಗಟ್ಟಿ ಬಟ್ಟೆಯ ಟೇಪ್ ಎರಡು ಮೀಟರ್ ನೀರಿನ ಬಾಟಲಿಗೆ ಸುತ್ತಿಟ್ಟುಕೊಂಡರೆ ಕಿತ್ತ ಅಟ್ಟೆಗೂ ಆಯಿತು, ಹರಿದ ಟೆಂಟಿಗೂ ಆಯಿತು.

ಮಗಳೂ ಅವಳ ಗೆಳತಿಯೂ ಹೋಗುತ್ತಿದ್ದಾರೆ. ಇಬ್ಬರೂ ಸಸ್ಯಾಹಾರಿಗಳು. ಅಲ್ಲಿ ಅನ್ನವೇ ಬೇಯುವುದಿಲ್ಲವಂತೆ, ನಿಜವೇ? ಮನೆಯಿಂದ ಏನು ಕಟ್ಟಿಕೊಡಲಿ?
— ಗೃಹಿಣಿ, ಮಲ್ಲೇಶ್ವರ

ಅರ್ಧ ನಿಜ. ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, 4,000 ಮೀಟರ್‌ನಲ್ಲಿ ಸುಮಾರು 87ಕ್ಕೇ ಕುದಿದುಬಿಡುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಅಕ್ಕಿಯ ಮೈ ಕರಗಿ ನಡು ಗಟ್ಟಿ ಉಳಿಯುತ್ತದೆ, ತೊಗರಿಬೇಳೆಯಂತೂ ಬೇಯುವ ಮಾತೇ ಇಲ್ಲ. ಕುಕ್ಕರ್ ಇದ್ದರೆ ಎರಡೂ ಆಗುತ್ತವೆ. ಊರಿಗಿಂತ ಒಂದೆರಡು ವಿಷಲ್ ಜಾಸ್ತಿ ಬೇಕು, ತೊಗರಿಯ ಬದಲು ಹೆಸರುಬೇಳೆ ಒಯ್ದರೆ ಗ್ಯಾಸ್ ಉಳಿಯುತ್ತದೆ. ಸ್ಥಳೀಯ ಅಡುಗೆಯವರಿದ್ದರೆ ಕುಕ್ಕರ್ ಅವರ ಬಳಿಯೇ ಇರುತ್ತದೆ. ಹುಡುಗಿಯರೇ ಅಡುಗೆ ಮಾಡಿಕೊಳ್ಳುವುದಾದರೆ ಒಂದೂವರೆ ಲೀಟರಿನದು ಸಾಕು.

ಬೇಯಿಸುವ ಗೋಜೇ ಇಲ್ಲದ್ದು ನಮ್ಮ ಗೊಜ್ಜವಲಕ್ಕಿ. ಅದನ್ನು ಎರಡು ಭಾಗ ಮಾಡಿ ಕಟ್ಟಿಕೊಡಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಬನ್ಸಿ ರವೆಯಷ್ಟು ತರಿಯಾಗಿ ಒಡೆಯಿರಿ. ತೆಳು ಅವಲಕ್ಕಿ ಬೇಡ, ನೀರು ತಾಗಿದೊಡನೆ ಮುದ್ದೆಯಾಗುತ್ತದೆ. ಎರಡನೆಯದು ಗೊಜ್ಜು: ಹುಣಸೆರಸಕ್ಕೆ ಬೆಲ್ಲ, ಉಪ್ಪು, ಸಾರಿನಪುಡಿ ಹಾಕಿ, ಎಣ್ಣೆ ಅಂಚಿಗೆ ಬಿಡುವವರೆಗೆ ಬತ್ತಿಸಿ. ನೀರಿನಂಶ ಉಳಿದರೆ ನಾಲ್ಕನೆಯ ದಿನಕ್ಕೆ ಬೂಸ್ಟು. ಹಸಿ ತೆಂಗಿನಕಾಯಿ ಬೇಡ, ಒಣಕೊಬ್ಬರಿ ತುರಿ ಹಾಕಿ. ಒಗ್ಗರಣೆಗೆ ಎಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಇರಲಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಅಲ್ಲಿ ಗೊಜ್ಜು ಸೋಪಿನ ಬಿಲ್ಲೆಯಾಗುತ್ತದೆ. ಕಡಲೆಬೀಜವನ್ನು ಹುರಿದು ಬೇರೆಯೇ ಪೊಟ್ಟಣ ಕಟ್ಟಿ, ಗೊಜ್ಜಿನಲ್ಲಿದ್ದರೆ ಮೆತ್ತಗಾಗುತ್ತದೆ. ಅಲ್ಲಿ ಎರಡು ಲೋಟ ತರಿಗೆ ಎರಡು ದೊಡ್ಡ ಚಮಚ ಗೊಜ್ಜು, ಎರಡು ಲೋಟಕ್ಕೆ ಚೂರು ಕಡಿಮೆ ಬಿಸಿನೀರು, ಮುಚ್ಚಿಟ್ಟು ಹದಿನೈದು ನಿಮಿಷ. ತಣ್ಣೀರಿನಲ್ಲಿ ಆ ಚಳಿಗೆ ಅರ್ಧ ಗಂಟೆಯಾದರೂ ಕಾಳು ಕಾಳಾಗಿಯೇ ಇರುತ್ತದೆ.

ಒಬ್ಬರಿಗೆ ದಿನಕ್ಕೆ ಒಟ್ಟು 600ರಿಂದ 700 ಗ್ರಾಂ ಒಣ ಆಹಾರ ಎಂದು ಲೆಕ್ಕ ಹಾಕಿ. ಚಿಕ್ಕಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಕೋಡುಬಳೆ ಎಲ್ಲ ಒಳ್ಳೆಯದೇ. ಎತ್ತರದಲ್ಲಿ ಹಸಿವು ಸಾಯುತ್ತದೆ, ಹುಳಿ ಖಾರವಿದ್ದರೆ ನಾಲಿಗೆ ಒಪ್ಪೀತು. ನಿಂಬೆ ಉಪ್ಪಿನಕಾಯಿ ಮರೆಯಬೇಡಿ.

ಹೊಳೆಯ ನೀರು ಕುಡಿಯಬಹುದೇ?
— ಓದುಗರು, ಯಲಹಂಕ

ಹಾಗೇ ಬೇಡ. ಬೇಸಿಗೆಯಲ್ಲಿ ಅಲೆಮಾರಿ ಕುರಿಗಾಹಿಗಳಾದ ಬಕರ್ವಾಲರ ಕುರಿ ಮೇಕೆ ಮಂದೆಗಳು ಸರೋವರದ ಮೇಲಿನ ಹುಲ್ಲುಗಾವಲಿನವರೆಗೂ ಮೇಯುತ್ತವೆ, ನೀರು ಎಷ್ಟು ತಿಳಿಯಾಗಿ ಕಂಡರೂ ಅಷ್ಟೇ. ಕುದಿ ಬಂದ ಮೇಲೆ ಮೂರು ನಿಮಿಷ ಕುದಿಸಿದರೆ ಸಾಕು. ಕ್ಲೋರಿನ್ ಮಾತ್ರೆ ಎಲ್ಲ ಜಂತುಗಳನ್ನೂ ಕೊಲ್ಲುವುದಿಲ್ಲ, ತಣ್ಣೀರಿನಲ್ಲಿ ನಿಧಾನವೂ ಹೌದು. ಕೊಳವೆ ಫಿಲ್ಟರ್ ಇದ್ದರೆ ರಾತ್ರಿ ಮಲಗುಚೀಲದೊಳಗೆ ಇಟ್ಟುಕೊಳ್ಳಿ. ಒಮ್ಮೆ ಒಳಗಿನ ನೀರು ಹೆಪ್ಪುಗಟ್ಟಿದರೆ ಸೋಸುವ ಎಳೆಗಳು ಸೀಳುತ್ತವೆ, ಸೀಳಿದ್ದು ಕಣ್ಣಿಗೆ ಕಾಣುವುದಿಲ್ಲ. ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಲೀಟರಿಗೆ ಸುರಿದು ‘ಸ್ಟ್ರಾಂಗ್’ ಮಾಡಿಕೊಳ್ಳುವುದು ತಪ್ಪು.

ಜುಲೈ ಒಳ್ಳೆಯದೋ ಸೆಪ್ಟೆಂಬರೋ?
— ಓದುಗರು, ಬನಶಂಕರಿ

ಜುಲೈ ಮೊದಲಲ್ಲಿ ನಿಚ್ನೈ ಹೊಳೆಯ ಮೇಲೆ ಹಿಮದ ಸೇತುವೆಗಳು ಇನ್ನೂ ಉಳಿದಿರುತ್ತವೆ, ಅಡಿಯಿಂದ ಕರಗುತ್ತ ಇರುತ್ತವೆ. ಗೈಡ್ ಕಾಲಿಡದ ಕಡೆ ಕಾಲಿಡಬಾರದು. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಗಡ್‌ಸರ್ ಕಣಿವೆಯ ತುಂಬ ಹೂವು. ಅಮರನಾಥ ಯಾತ್ರೆಯೂ ಅದೇ ಸಮಯಕ್ಕೆ ಬರುವುದರಿಂದ ಸೋನ್‌ಮಾರ್ಗ್ ರಸ್ತೆಯಲ್ಲಿ ವಾಹನ ತಡೆ, ಕೋಣೆ ಬಾಡಿಗೆ ದುಬಾರಿ. ಸೆಪ್ಟೆಂಬರ್ ಮೊದಲೆರಡು ವಾರ ಆಕಾಶ ತಿಳಿ, ಹುಲ್ಲು ಹೊಂಬಣ್ಣ, ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸು. ಚಳಿ ತಡೆಯುವವರಿಗೆ ನಮ್ಮ ಓಟು ಸೆಪ್ಟೆಂಬರಿಗೆ.

ಯಾವ ತಿಂಗಳಾದರೂ ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ, ಆದ್ದರಿಂದ ಪಾಸ್ ಹನ್ನೆರಡರೊಳಗೆ ದಾಟಿರಬೇಕು. ಹಿಮ ಕರಗಿದ ಹೊಳೆಗಳಲ್ಲಿ ಬೆಳಗ್ಗೆ ಮೊಣಕಾಲಿಗೂ ಬಾರದ ನೀರು ಸಂಜೆಗೆ ತೊಡೆಗೆ ಬರುತ್ತದೆ. ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿರಿ, ಜಾರಿದರೆ ಚೀಲ ಕಳಚಿಹೋಗಬೇಕು, ನಿಮ್ಮನ್ನು ಒತ್ತಿ ಹಿಡಿಯಬಾರದು. ಮುಖ ನೀರು ಬರುವ ದಿಕ್ಕಿಗೆ, ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಅಡ್ಡಡ್ಡ ಹೆಜ್ಜೆ. ಬರಿಗಾಲಲ್ಲಿ ಬೇಡ, ಹಿಂಪಟ್ಟಿ ಇರುವ ಚಪ್ಪಲಿಯಲ್ಲಿ ದಾಟಿ.

ಎಂಟು ವಾರ ಇದೆ. ವಾರದ ದಿನಗಳಲ್ಲಿ ಆಫೀಸ್, ಟ್ರಾಫಿಕ್. ತಯಾರಿ ಹೇಗೆ?
— ಓದುಗರು, ವೈಟ್‌ಫೀಲ್ಡ್

ಅಪಾರ್ಟ್‌ಮೆಂಟ್ ಮೆಟ್ಟಿಲೇ ಸಾಕು. ಒಂದು ಮಹಡಿ ಸುಮಾರು 3 ಮೀಟರ್, ಹದಿನೈದು ಮಹಡಿ ಹತ್ತು ಸಲ ಹತ್ತಿದರೆ 450 ಮೀಟರ್. ವಿಶನ್‌ಸರದಿಂದ ಗಡ್‌ಸರ್ ಪಾಸ್‌ಗೆ ಹೆಚ್ಚುಕಡಿಮೆ ಇಷ್ಟೇ ಏರು. ವಾರಕ್ಕೆ ಮೂರು ದಿನ, ಮೊದಲ ವಾರ ನಾಲ್ಕು ಸುತ್ತು, ಬರಿಗೈ. ಆರನೆಯ ವಾರಕ್ಕೆ ಹತ್ತು ಸುತ್ತು, ಬೆನ್ನಿಗೆ ಒಂದು ಲೀಟರಿನ ಆರು ಬಾಟಲಿ. ಇಳಿಯುವಾಗ ಲಿಫ್ಟ್ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ತೊಡೆ ನಡುಗಿ ಕೂರಿಸುವುದು ಇಳಿಜಾರೇ, ಅದಕ್ಕೂ ಅಭ್ಯಾಸ ಬೇಕು. ಮೊಣಕಾಲು ನೋವಿದ್ದವರು ಬಾಟಲಿ ಹೊರುವ ಮೊದಲ ಎರಡು ವಾರ, ಮೇಲೆ ತಲುಪಿದಾಗ ನೀರು ಚೆಲ್ಲಿ (ಗಿಡಕ್ಕೇ ಚೆಲ್ಲಿ) ಹಗುರಾಗಿ ಇಳಿಯಿರಿ. ವಾರಾಂತ್ಯಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿಯ ಮೆಟ್ಟಿಲು ಸತತ ಎರಡು ಬಾರಿ. ಸಾವಿರಕ್ಕೂ ಹೆಚ್ಚಿವೆ. ಕೊನೆಯ ವಾರ ಏನೂ ಬೇಡ.

ಮೊಬೈಲ್, ಪವರ್ ಬ್ಯಾಂಕ್, ಗುರುತಿನ ಚೀಟಿ ವಿಚಾರ ತಿಳಿಸಿ. ನಾರಾನಾಗ್ ಇಳಿದ ಮೇಲೆ ಅರ್ಧ ದಿನ ಉಳಿದರೆ ಏನು ನೋಡಬಹುದು?
— ಓದುಗರು, ರಾಜಾಜಿನಗರ

ನಿಮ್ಮ ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್–ಅವರ್. ವಿಮಾನದಲ್ಲಿ 100ರವರೆಗೆ ಅನುಮತಿ ಇದೆ, ಕೈಚೀಲದಲ್ಲಿ ಮಾತ್ರ. ಸ್ಟೌ ಗ್ಯಾಸ್ ಡಬ್ಬಿ ಯಾವ ಚೀಲದಲ್ಲೂ ಆಗದು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಕಾಲುಚೀಲದಲ್ಲಿ ಸುತ್ತಿ ಮಲಗುಚೀಲದೊಳಗೆ ಇಡಿ. ದಾರಿಯಲ್ಲಿ ಸೇನೆಯ ತಪಾಸಣೆ ಠಾಣೆಗಳಿವೆ: ಆಧಾರ್‌ನ ಮೂಲ ಕಾರ್ಡ್ ಮತ್ತು ನಾಲ್ಕು ನಕಲು, ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ. ಫೋನಿನಲ್ಲಿನ ಫೋಟೊ ನಂಬಿಕೊಂಡು ಹೋಗಬೇಡಿ, ಬ್ಯಾಟರಿ ಸತ್ತರೆ ಗುರುತೂ ಸತ್ತಂತೆ. ಠಾಣೆಗಳ ಫೋಟೊ ತೆಗೆಯಬೇಡಿ.

ನಾರಾನಾಗ್‌ನಲ್ಲಿ ದಾರಿ ಮುಗಿಯುವಲ್ಲೇ ಕಲ್ಲಿನ ದೇವಾಲಯಗಳ ಗುಂಪೊಂದಿದೆ, ಎಂಟನೆಯ ಶತಮಾನದ ಲಲಿತಾದಿತ್ಯ ರಾಜನ ಕಾಲದ್ದೆಂದು ಹೇಳುತ್ತಾರೆ. ಪಕ್ಕದಲ್ಲೇ ಚಿಲುಮೆಯ ನೀರು ತುಂಬಿದ ಕಲ್ಲಿನ ಕೊಳ. ಕಾಶ್ಮೀರಿ ಪಂಡಿತರು ಅಸ್ಥಿ ವಿಸರ್ಜನೆಗೆ ಗಂಗಾಬಲ್‌ಗೆ ಹೋಗುತ್ತಿದ್ದದ್ದು ಈ ದಾರಿಯಲ್ಲೇ, ಆದ್ದರಿಂದ ಮೇಲಿನ ಸರೋವರದಲ್ಲಿ ಸೋಪು, ಶಾಂಪೂ ಬೇಡ. ಶ್ರೀನಗರ ಅಲ್ಲಿಂದ ಕಂಗನ್ ಊರಿನ ಮೂಲಕ ಎರಡು ಗಂಟೆಯ ಹಾದಿ. ಟ್ಯಾಕ್ಸಿಯನ್ನು ಚಾರಣಕ್ಕೆ ಹೊರಡುವ ಮೊದಲೇ ಹೇಳಿಟ್ಟಿರಿ, ಇಳಿದ ಮೇಲೆ ಹುಡುಕಿದರೆ ಕೇಳಿದಷ್ಟು ಕೊಡಬೇಕಾಗುತ್ತದೆ.